ಜಾಗ ಸಿಕ್ಕಿತು, ಊರು?

ಹೋದ ತಿಂಗಳು ಸಮಾಜ ವಿಜ್ಞಾನದ ಮಾಸ್ತರರು ರಜೆಯ ಮೇಲಿದ್ದುದರಿಂದ ಎಂಟನೆಯ ತರಗತಿಯ ಭೂಗೋಳದ ಪೀರಿಯಡ್ ನನ್ನ ಪಾಲಿಗೆ ಬಂತು. ನಾನು ವಿಜ್ಞಾನ ಕಲಿಸುವವನು. ಅಕ್ಷಾಂಶ ರೇಖಾಂಶ ಎಂದು ಶುರು ಮಾಡಿದರೆ ಮಕ್ಕಳು ಆಕಳಿಸುತ್ತಾರೆಂದು ಗೊತ್ತಿತ್ತು. ಹಾಗಾಗಿ ಒಬ್ಬೊಬ್ಬರಿಗೂ ಒಂದೊಂದು ಬಿಳಿ ಹಾಳೆ ಕೊಟ್ಟು, "ನಿಮ್ಮ ಮನೆಯಿಂದ ಶಾಲೆಗೆ ಬರುವ ದಾರಿಯ ನಕ್ಷೆ ಬರೆಯಿರಿ. ಸ್ಕೇಲು ಬೇಡ, ಪಕ್ಕದವರದ್ದು ನೋಡುವಂತಿಲ್ಲ" ಎಂದೆ.

ನಮ್ಮದು ಬಾಗಲಕೋಟೆಯ ನವನಗರ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ತಗ್ಗಿನ ಭಾಗಗಳು ಸಿಕ್ಕುವುದರಿಂದ, ಮುಳುಗಡೆಯಾದವರಿಗಾಗಿ ಕಟ್ಟಿಸಿದ ಊರು ಇದು. ರಸ್ತೆಗಳು ನೇರ, ಬಡಾವಣೆಗಳಿಗೆ ಹೆಸರಿಲ್ಲ, ಸೆಕ್ಟರ್ ನಂಬರು ಮಾತ್ರ. ಆದರೆ ಮಕ್ಕಳ ಹಾಳೆಯಲ್ಲಿ ಈ ನೇರ ರಸ್ತೆಗಳೆಲ್ಲ ಸೊಟ್ಟಗಾಗಿದ್ದವು! ಒಬ್ಬನ ನಕ್ಷೆಯಲ್ಲಿ ಹಿಟ್ಟಿನ ಗಿರಣಿ ಶಾಲೆಗಿಂತ ದೊಡ್ಡದು. ಅದೇ ಓಣಿಯ ಇನ್ನೊಬ್ಬಳಿಗೆ ಗಿರಣಿ ಇಲ್ಲವೇ ಇಲ್ಲ. ಬೇವಿನ ಮರವಿದೆ, ಅದರ ಕೆಳಗೆ ಕಚ್ಚುವ ನಾಯಿ, ಅದನ್ನು ತಪ್ಪಿಸಲು ಸುತ್ತು ಹಾಕುವ ಕಾಲುದಾರಿ.

ಇದು ಹುಡುಗಾಟದ ಪ್ರಯೋಗವಲ್ಲ. ಅಮೆರಿಕದ ನಗರ ಯೋಜಕ ಕೆವಿನ್ ಲಿಂಚ್ ಬಾಸ್ಟನ್, ಜೆರ್ಸಿ ಸಿಟಿ, ಲಾಸ್ ಏಂಜಲೀಸ್ ನಗರಗಳ ಜನರಿಂದ ಹೀಗೆಯೇ ನೆನಪಿನ ನಕ್ಷೆ ಬರೆಸಿ, 1960ರಲ್ಲಿ ಪುಸ್ತಕ ಪ್ರಕಟಿಸಿದರು. ಜನರ ತಲೆಯೊಳಗಿನ ಊರು ದಾರಿ, ಅಂಚು, ಕೇರಿ, ಕೂಡುವ ಸ್ಥಳ, ಎದ್ದು ಕಾಣುವ ಗುರುತು ಎಂಬ ಐದರಿಂದ ಆಗಿರುತ್ತದೆ ಎಂಬುದು ಅವರು ಕಂಡುಕೊಂಡದ್ದು. ಚೀನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಪಾಠ ಹೇಳಿದ ಭೂಗೋಳಶಾಸ್ತ್ರಜ್ಞ ಯಿ-ಫು ತುವಾನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1977ರ ತಮ್ಮ ಪುಸ್ತಕದಲ್ಲಿ ಅವರು ಬರಿಯ ಜಾಗವನ್ನೂ ನಮ್ಮದೆನಿಸುವ ನೆಲೆಯನ್ನೂ ಬೇರ್ಪಡಿಸಿ ನೋಡಿದರು. ಓಡಾಡಿ, ಬಳಸಿ, ಪರಿಚಯವಾಗಿ, ಬೆಲೆ ಬಂದ ಮೇಲೆ ಜಾಗ ನೆಲೆಯಾಗುತ್ತದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಪ್ಲಾಟು ಬೇರೆ, ಊರು ಬೇರೆ.

ಈ ವ್ಯತ್ಯಾಸ ನನಗೆ ಪುಸ್ತಕಕ್ಕಿಂತ ಮೊದಲು ಮನೆಯಲ್ಲೇ ತಿಳಿಯಿತು. ನಮ್ಮ ಹಳೆಯ ಮನೆ ಮುಳುಗಡೆಗೆ ಹೋಯಿತು. ನವನಗರಕ್ಕೆ ಬಂದು ಹತ್ತು ವರ್ಷವಾಗಿದ್ದರೂ ನಮ್ಮವ್ವ ಕಡೆಗಾಲದಲ್ಲಿ ಸಂಜೆಯಾದೊಡನೆ ಚೀಲ ಹಿಡಿದು ಬಾಗಿಲಿಗೆ ಬರುತ್ತಿದ್ದಳು. "ತಮ್ಮಾ, ಹೊತ್ತಾತು, ಇನ್ನ ಮನೀಗಿ ಹೋಗೂಣು ನಡಿ." ನಾನು ಮಾಸ್ತರನಲ್ಲವೆ, ತಿದ್ದುತ್ತಿದ್ದೆ. "ಅವ್ವಾ, ಇದ ನಮ್ಮನಿ. ಸೆಕ್ಟರ್ ನಂಬರ್ ಹೇಳು ನೋಡೋಣ" ಎಂದು ಮಗ್ಗಿ ಒಪ್ಪಿಸುವಂತೆ ವಿಳಾಸ ಒಪ್ಪಿಸಿಕೊಳ್ಳುತ್ತಿದ್ದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ವೈದ್ಯರು ಮರೆವಿನ ಕಾಯಿಲೆ ಎಂದರು, ಅದು ನಿಜವೇ. ಮೆದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ, ಪ್ರಾಣಿಯು ಒಂದು ನಿರ್ದಿಷ್ಟ ಸ್ಥಳಕ್ಕೆ ಬಂದಾಗ ಮಾತ್ರ ಚುರುಕಾಗುವ ಜೀವಕೋಶಗಳಿವೆ. 1971ರಲ್ಲಿ ಜಾನ್ ಓಕೀಫ್ ಇಲಿಗಳಲ್ಲಿ ಇದನ್ನು ತೋರಿಸಿದರು. 2014ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ಬಂತು. ಆಲ್‌ಝೈಮರ್ ಕಾಯಿಲೆ ಮೊದಮೊದಲು ಕೆಡಿಸುವ ಭಾಗಗಳಲ್ಲಿ ಇದೂ ಒಂದು. ಹೊಸ ನೆನಪು ಮೊದಲು ಹೋಗುತ್ತದೆ, ಹಳೆಯದು ಉಳಿದಿರುತ್ತದೆ. ಇಷ್ಟೂ ನನಗೆ ಗೊತ್ತಿತ್ತು. ಆದರೂ ನಾನು ಕೇಳಿದ್ದು ಸೆಕ್ಟರ್ ನಂಬರನ್ನು.

ಒಂದು ವರ್ಷ ಹೋಳಿ ಹುಣ್ಣಿಮೆಗೆ ಅವ್ವನನ್ನು ಹಳೆಯ ಊರಿಗೆ ಕರೆದುಕೊಂಡು ಹೋದೆ. ನಮ್ಮಲ್ಲಿ ಹೋಳಿ ದೊಡ್ಡ ಹಬ್ಬ; ನವನಗರದವರೂ ಹಲಗೆ ಬಾರಿಸಲು ಅಲ್ಲಿಗೇ ಹೋಗುತ್ತಾರೆ. ಹಲಗೆಯ ಸದ್ದು ಕಿವಿಗೆ ಬಿದ್ದದ್ದೇ ತಡ, ಅವ್ವ ನನ್ನ ಕೈ ಬಿಡಿಸಿಕೊಂಡು ಯಾರನ್ನೂ ಕೇಳದೆ ನಡೆದಳು. ಎರಡು ತಿರುವು ದಾಟಿ, ಜಾಲಿ ಬೆಳೆದ ಬಯಲಿನ ಮುಂದೆ ನಿಂತಳು. ಮನೆ ಕೆಡವಿ ಎಷ್ಟೋ ವರ್ಷವಾಗಿತ್ತು. "ಇದ ನೋಡು ತಲಬಾಗಲ" ಎಂದು, ಇಲ್ಲದ ಹೊಸ್ತಿಲನ್ನು ಕಾಲೆತ್ತಿ ದಾಟಿದಳು.

ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಬಹುದೆಂದು ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಾಧಿಕರಣ 2010ರಲ್ಲಿ ಹೇಳಿತು. ಆ ಎತ್ತರಕ್ಕೆ ನೀರು ನಿಂತರೆ ಇನ್ನಷ್ಟು ಹಳ್ಳಿಗಳು ಏಳಬೇಕು. ಒಣ ಭೂಮಿಗೆ ನೀರು ಬೇಡವೆನ್ನುವವನು ನಾನಲ್ಲ. ಆದರೆ ಅಳತೆಗೆ ಬರುವ ಅಧಿಕಾರಿಗಳು ಗೋಡೆ, ಬಾಗಿಲು, ಮರ ಎಣಿಸುತ್ತಾರೆ. ಸಂಜೆ ಯಾರು ಯಾವ ಕಟ್ಟೆಯ ಮೇಲೆ ಕೂರುತ್ತಾರೆಂಬುದಕ್ಕೆ ಅವರ ಫಾರಂನಲ್ಲಿ ಕಾಲಂ ಇಲ್ಲ. ಆ ಹಳ್ಳಿಗಳ ತಂದೆ ತಾಯಿಯರಲ್ಲಿ ಒಂದು ಬಿನ್ನಹ. ಮಕ್ಕಳನ್ನು ಅಜ್ಜ ಅಜ್ಜಿಯರ ಬಳಿ ಕೂರಿಸಿ ಈಗಲೇ ಒಂದು ನಕ್ಷೆ ಬರೆಸಿಡಿ. ಓಣಿಯ ಹೆಸರು, ಬಾವಿ, ಯಾರ ಮನೆಯ ಪಕ್ಕ ಯಾರ ಮನೆ, ಎಲ್ಲವೂ ಅದರಲ್ಲಿರಲಿ. ಹೊಸ ಊರಿನಲ್ಲಿ ನೆರೆಹೊರೆಯವರಿಗೆ ಅಕ್ಕಪಕ್ಕದ ಪ್ಲಾಟು ಕೇಳುವಾಗಲೂ ಅದು ಉಪಯೋಗಕ್ಕೆ ಬಂದೀತು.

ಇನ್ನು ನಮ್ಮ ತರಗತಿಯ ವಿಷಯ. ನವನಗರ ಎಂದಿಗೂ ಊರಾಗಲಾರದು, ನಂಬರುಗಳ ಮೊತ್ತ ಮಾತ್ರ ಎಂದು ನಾನು ಬಹಳ ದಿನ ನಂಬಿದ್ದೆ. ನಲವತ್ತೊಂದು ಹಾಳೆ ಎಣಿಸಿದೆ. ಸೆಕ್ಟರ್ ನಂಬರು ಬರೆದವರು ಮೂವರೇ. ಉಳಿದವರದ್ದೆಲ್ಲ ಗಿರಣಿ, ಬೇವಿನ ಮರ, ಕ್ರಿಕೆಟ್ ಆಡುವ ಖಾಲಿ ಪ್ಲಾಟು. ಕೊನೆಯ ಬೆಂಚಿನ ಹುಡುಗನೊಬ್ಬ ಹಾಳೆ ಕೊಡುವ ಮೊದಲು ಎದ್ದು ನಿಂತು ಕೇಳಿದ: "ಸರ್, ಹಳೇ ಊರೂ ಹಾಕಬೇಕೇನ್ರಿ?"

"ನಿನ್ನ ದಾರಿಯಲ್ಲಿ ಬಂದರೆ ಹಾಕು" ಎಂದೆ.

"ನಮ್ಮ ದಾರ್ಯಾಗ ಬರಂಗಿಲ್ರಿ. ನಮ್ಮಜ್ಜಿ ದಾರ್ಯಾಗ ಬರ್ತೈತ್ರಿ."