ಸೋತವನನ್ನ ಮನೆಗೆ ಬಿಡದ ಟೂರ್ನಮೆಂಟ್

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಟೆನಿಸ್ ಬಾಲ್ ಟೂರ್ನಮೆಂಟ್ ಗೊತ್ತಲ್ಲ? ಎಂಟ್ರಿ ಫೀ ಕಟ್ಟು, ಆಡು, ಸೋತ್ರೆ ಬ್ಯಾಟ್ ಎತ್ಕೊಂಡು ಊರಿಗೆ ಹೋಗು. ಪೋಕರ್‌ನಲ್ಲಿ ಈ ಥರದ್ದನ್ನ ಫ್ರೀಜ್‌ಔಟ್ ಅಂತಾರೆ. ಎಲ್ಲರಿಗೂ ಸಮನಾದ ಚಿಪ್ಸ್. ಅದು ಖಾಲಿಯಾದ್ರೆ ಆಟ ಮುಗೀತು.

ನನ್ನ ತಕರಾರು ರೀ-ಬೈ ಟೂರ್ನಮೆಂಟ್ ಬಗ್ಗೆ. ಅಲ್ಲಿ ಸೋತವನು ಮತ್ತೆ ದುಡ್ಡು ಕಟ್ಟಿ ಕೂರಬಹುದು. ಎಂಟ್ರಿ ₹100 ಅಂತಲೇ ಹಾಕಿರ್ತಾರೆ, ಆದರೆ ಮೂರು ಸಲ ರೀ-ಬೈ ಮಾಡಿದವನ ಜೇಬಿಂದ ಹೋಗೋದು ₹400. ಪ್ರತಿ ನೂರಕ್ಕೆ ಹತ್ತು ಕಮಿಷನ್ ಅಂತಿದ್ರೆ, ಯಾರೇ ಗೆಲ್ಲಲಿ, ಅವನೊಬ್ಬನಿಂದಲೇ ನಡೆಸೋರಿಗೆ ₹40. ಆ ನಾನೂರು ತರೀಕೆರೆಯ ಅಡಿಕೆಯೋ, ಕಡೂರಿನ ತೆಂಗೋ, ಅಜ್ಜಂಪುರದ ಈರುಳ್ಳಿಯೋ ಮಾರಿ ಮನೆಯವರು ಕಳಿಸಿದ ಮೆಸ್ ದುಡ್ಡು.

'ಇದು ಸ್ಕಿಲ್ ಗೇಮ್ ಮಗಾ' ಅಂತೀರಾ? ಒಪ್ಪಿದೆ. ಆದರೆ ಟರ್ಬೊದಲ್ಲಿ ಬ್ಲೈಂಡ್, ಅಂದರೆ ಕಡ್ಡಾಯದ ಪಣ, ಬೇಗ ಬೇಗ ಏರುತ್ತೆ. ಕಾದು ಆಡೋಕೆ ಪುರುಸೊತ್ತಿಲ್ಲ, ಅದೃಷ್ಟದ ಪಾಲು ಜಾಸ್ತಿ.

ಕರ್ನಾಟಕ 2021ರಲ್ಲಿ ದುಡ್ಡಿನ ಆನ್‌ಲೈನ್ ಆಟಗಳನ್ನ ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನ ರದ್ದು ಮಾಡಿತು. 2025ರ ಕೇಂದ್ರ ಕಾಯ್ದೆ ಕೌಶಲವೋ ಅದೃಷ್ಟವೋ ಅನ್ನೋ ಜಗಳವನ್ನೇ ಬದಿಗಿಟ್ಟು ಎಲ್ಲಕ್ಕೂ ಬಾಗಿಲು ಹಾಕಿದೆ. ಒಳ್ಳೇದೇ ಆಯ್ತು ಅನ್ನೋದು ನನ್ನ ಅಭಿಪ್ರಾಯ.

ಹಾಸ್ಟೆಲ್ ರೂಮಿನ ಇಸ್ಪೀಟಿಗೆ ಮಾತ್ರ ರೂಲ್ಸ್ ಹಾಕೋರು ನಾವೇ. ಹುಣಸೆಬೀಜ ಇಟ್ಕೊಂಡು ಫ್ರೀಜ್‌ಔಟ್ ಆಡಿ, ಮಜಾ ಇದೆ. ಔಟಾದವನು ಚಹಾ ಮಾಡಲಿ.