ಖಾಲಿ ಕುರ್ಚಿಗೆ ಯಾರು ಹೊಣೆ?



ಹಳೆಯ ನೆನಪುಗಳನ್ನು ಹೇಳಿಕೊಂಡು ನಿಮ್ಮನ್ನು ನಗಿಸುತ್ತಿದ್ದ ನಾನು ಇಂದು ಸಿಟ್ಟಿನಿಂದ ಬರೆಯಲು ಕುಳಿತಿದ್ದೇನೆ. ಮನ್ನಿಸಬೇಕು. ಸಿಟ್ಟಿಗೆ ಕಾರಣ ಒಂದು ಬೀಗ.

ನಿವೃತ್ತ ಮೇಷ್ಟರಿಗೆ ಊರು ತಾನಾಗಿಯೇ ವಹಿಸುವ ಕೆಲಸವೊಂದಿದೆ, ಅರ್ಜಿ ಬರೆದುಕೊಡುವುದು. ಕೆಲವು ದಿನಗಳ ಹಿಂದೆ ಎಪ್ಪತ್ತು ದಾಟಿದ ತಾಯಿಯೊಬ್ಬರು ಆಸ್ಪತ್ರೆಯ ಚೀಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ನಮ್ಮ ಮನೆಯ ಜಗಲಿಗೆ ಬಂದರು. "ಮೇಷ್ಟ್ರೇ, ಸೂಜಿಮದ್ದು ಬಂದಿಲ್ಲ, ಡಾಕ್ಟ್ರೂ ಇಲ್ಲ ಅಂತಾರೆ. ಯಾರಿಗೆ ಬರೀಬೇಕೋ ಅವರಿಗೆ ಒಂದು ಅರ್ಜಿ ಬರ್ಕೊಡಿ" ಎಂದರು.

ಅವರ ಮಗ ನನ್ನ ವಿದ್ಯಾರ್ಥಿ. ರೇಖಾಗಣಿತದ ಪ್ರಮೇಯಗಳನ್ನು ಪುಸ್ತಕದಲ್ಲಿಲ್ಲದ ದಾರಿಯಿಂದ ಸಾಧಿಸಿ ತೋರಿಸುತ್ತಿದ್ದ ಹುಡುಗ. ಪಿಯುಸಿಗೆ ಹೋದ ಮೇಲೆ ಒಬ್ಬನೇ ಮಾತನಾಡಿಕೊಳ್ಳತೊಡಗಿದ; ಯಾರೋ ತನ್ನನ್ನು ಹಿಂಬಾಲಿಸುತ್ತಿದ್ದಾರೆಂದು ಹೆದರಿ ಮನೆ ಸೇರಿದ. ತಂದೆ ನನ್ನ ಸಲಹೆ ಕೇಳಲು ಬಂದಿದ್ದರು. "ವಯಸ್ಸಿನ ದೋಷ, ಒಂದು ಮದುವೆ ಮಾಡಿ, ಸರಿಹೋಗುತ್ತಾನೆ" ಎಂದುಬಿಟ್ಟೆ. ಅಷ್ಟು ತಿಳಿದವನಂತೆ ನುಡಿದ ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. ಡಾ. ಸಿ. ಆರ್. ಚಂದ್ರಶೇಖರ್ ಅವರ ಕನ್ನಡ ಪುಸ್ತಕಗಳನ್ನು ಓದಿ, ಅದು ಸ್ಕಿಜೋಫ್ರೇನಿಯಾ ಎಂಬ ಕಾಯಿಲೆ, ಅದಕ್ಕೆ ಔಷಧವಿದೆ ಎಂದು ನಾನು ತಿಳಿದುಕೊಳ್ಳುವಷ್ಟರಲ್ಲಿ ಅವನ ಯೌವನದ ಅರ್ಧ ಕಳೆದಿತ್ತು.

2014ರಲ್ಲಿ ಕರ್ನಾಟಕ ಸರ್ಕಾರ 'ಮನೋಚೈತನ್ಯ' ಎಂಬ ಯೋಜನೆಯನ್ನು ತಂದಿತು. ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ವ್ಯವಸ್ಥೆ. ಒಳ್ಳೆಯದನ್ನು ಒಳ್ಳೆಯದೆಂದೇ ಹೇಳಬೇಕು. ಆ ಮಂಗಳವಾರಗಳು ಈ ಮನೆಗೆ ಬೆಳಕು ತಂದವು. ತಿಂಗಳಿಗೊಂದು ಚುಚ್ಚುಮದ್ದು, ದಿನಕ್ಕೆರಡು ಮಾತ್ರೆ, ತಪ್ಪಿಸಿದರೆ ಫೋನು ಮಾಡಿ ವಿಚಾರಿಸುವ ಒಬ್ಬ ದಾದಿ. ವರ್ಷ ಕಳೆಯುವುದರೊಳಗೆ ಅವನು ಡೈರಿಗೆ ಹಾಲು ಹಾಕಿ ಬರುತ್ತಿದ್ದ. ದಾರಿಯಲ್ಲಿ ಕಂಡರೆ ನಿಂತು "ನಮಸ್ಕಾರ ಸಾರ್" ಎನ್ನುತ್ತಿದ್ದ. ಹಲವು ವರ್ಷ ಹೀಗೇ ನಡೆಯಿತು.

ಆಮೇಲೆ ವೈದ್ಯರಿಗೆ ವರ್ಗವಾಯಿತು. ದಾದಿಯ ಗುತ್ತಿಗೆ ಮುಗಿಯಿತು. ಔಷಧ 'ಸ್ಟಾಕ್ ಇಲ್ಲ' ಎಂದಾಯಿತು. ಆ ತಾಯಿ ಮೂರು ಮಂಗಳವಾರ ಬಸ್ಸಿನಲ್ಲಿ ಹೋಗಿ, ಖಾಲಿ ಕುರ್ಚಿಯ ಮುಂದೆ ಮಧ್ಯಾಹ್ನದವರೆಗೆ ಕುಳಿತು ಹಿಂದಿರುಗಿದರು. ಅರ್ಜಿ ಬರೆಯುವ ಮುನ್ನ ನಾನು ಅವರ ಮನೆಗೆ ಹೋದೆ. ಹಿತ್ತಲ ಕೋಣೆಗೆ ಹೊರಗಿನಿಂದ ಬೀಗ ಹಾಕಿತ್ತು. ಒಳಗಿನಿಂದ ಅವನ ಧ್ವನಿ ಕೇಳಿಸುತ್ತಿತ್ತು. "ಇನ್ನೇನು ಮಾಡ್ಲಿ ಮೇಷ್ಟ್ರೇ, ರಾತ್ರಿ ಎದ್ದು ರಸ್ತೆಗೆ ಹೋಗ್ತಾನೆ" ಎಂದು ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿದ್ದುದರಿಂದ ಓಡಲಾರದೆ 28 ಮಂದಿ ರೋಗಿಗಳು ಸತ್ತದ್ದು ನನಗೆ ನೆನಪಾಯಿತು. ಆಗ ದೇಶವೆಲ್ಲ ಮರುಗಿತು. ಈ ಬೀಗಕ್ಕೆ ಮರುಗುವವರು ಯಾರು? ಅದನ್ನು ಹಾಕಿದ ಕೈ ತಾಯಿಯದಾದರೂ ಹಾಕಿಸಿದ್ದು ಆ ಖಾಲಿ ಕುರ್ಚಿ.

"ಮನೋವೈದ್ಯರೇ ಸಿಗುವುದಿಲ್ಲ, ಸರ್ಕಾರ ಏನು ಮಾಡೀತು?" ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಕೊರತೆ ನಿಜ. 2023ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಕೊಟ್ಟ ಲೆಕ್ಕದಂತೆ ದೇಶದಲ್ಲಿ ಲಕ್ಷ ಜನರಿಗೆ 0.75 ಮನೋವೈದ್ಯರು, ಎಂದರೆ ಒಬ್ಬರೂ ಇಲ್ಲ. ಆದರೆ ಈ ಪ್ರಶ್ನೆಗೆ ನಮ್ಮ ನಾಡೇ ಎಂದೋ ಉತ್ತರ ಕೊಟ್ಟಿದೆ. 1985ರಿಂದ 1990ರವರೆಗೆ ನಿಮ್ಹಾನ್ಸ್ ಸಂಸ್ಥೆಯವರು ಆಗಿನ ಅವಿಭಜಿತ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು. ಅಗತ್ಯವಾದ ಕೆಲವೇ ಔಷಧಗಳನ್ನು ಅಲ್ಲಿಯೇ ಒದಗಿಸಿದರು. ಮೇಲ್ವಿಚಾರಣೆಗೆ ಜಿಲ್ಲಾ ಕೇಂದ್ರದಲ್ಲಿ ಒಂದು ಸಣ್ಣ ತಂಡವನ್ನು ಇಟ್ಟರು. ಹಳ್ಳಿಯ ರೋಗಿಗೆ ಹಳ್ಳಿಯ ಹತ್ತಿರವೇ ಚಿಕಿತ್ಸೆ ಸಾಧ್ಯವೆಂದು ಸಿದ್ಧವಾಯಿತು. 1996ರಲ್ಲಿ ಅದೇ ಮಾದರಿಯು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹೋಯಿತು. ಊರೂರಿಗೆ ಮನೋವೈದ್ಯರು ಬರಲೆಂದು ಬಳ್ಳಾರಿ ಕಾಯಲಿಲ್ಲ. ಆದರೆ ತರಬೇತಿ, ಔಷಧ, ತಂಡ ಈ ಮೂರರಲ್ಲಿ ಒಂದು ಕಳಚಿದರೂ ಉಳಿದೆರಡು ವ್ಯರ್ಥ. ತರಬೇತಿ ಪಡೆದವರೇ ವರ್ಷಕ್ಕೊಮ್ಮೆ ಬದಲಾದರೆ ತರಬೇತಿ ಉಳಿಯುವುದಾದರೂ ಎಲ್ಲಿ?

ನಮ್ಮ ಶಾಲೆಯಲ್ಲಿ ವಿಜ್ಞಾನದ ಹುದ್ದೆ ಖಾಲಿಯಿದ್ದ ಕಾಲ ನಿಮಗೆ ನೆನಪಿರಬಹುದು. ಪಕ್ಕದ ಊರಿನ ಮೇಷ್ಟರೊಬ್ಬರನ್ನು ವಾರಕ್ಕೊಮ್ಮೆ ನಿಯೋಜಿಸಿದ್ದರು. ಕಾಗದದಲ್ಲಿ ಪಾಠ ನಡೆಯುತ್ತಿತ್ತು. ಪರೀಕ್ಷೆಯಲ್ಲಿ ಮಕ್ಕಳು ನಪಾಸಾದರು. ಪಾಠಕ್ಕಿಂತಲೂ ಹೆಚ್ಚಾಗಿ ಮನೋರೋಗದ ಚಿಕಿತ್ಸೆ ನಂಬಿಕೆಯನ್ನು ಅವಲಂಬಿಸಿದೆ. ವಿಷ ಬೆರೆಸುತ್ತಾರೆಂದು ಸ್ವಂತ ತಾಯಿಯ ಕೈತುತ್ತನ್ನೇ ದೂಡುವ ರೋಗಿಯು ಒಬ್ಬ ದಾದಿಯ ಕೈಯಿಂದ ಮಾತ್ರೆ ನುಂಗಲು ತಿಂಗಳುಗಳೇ ಬೇಕಾಗುತ್ತವೆ. ಆ ದಾದಿಯನ್ನು ಗುತ್ತಿಗೆ ಮುಗಿಯಿತೆಂದು ಮನೆಗೆ ಕಳುಹಿಸುವವರಿಗೆ ತಾವು ಏನನ್ನು ಕಿತ್ತುಹಾಕುತ್ತಿದ್ದೇವೆಂಬ ಅರಿವಿದೆಯೇ?

ಇನ್ನು ಹಣದ ಮಾತು. 2023-24ರ ಕೇಂದ್ರ ಮುಂಗಡಪತ್ರದಲ್ಲಿ ಮಾನಸಿಕ ಆರೋಗ್ಯಕ್ಕೆಂದು ನೇರವಾಗಿ ತೋರಿಸಿದ್ದು ಸುಮಾರು 919 ಕೋಟಿ ರೂಪಾಯಿ. ಅದರಲ್ಲಿ 721 ಕೋಟಿ ನಿಮ್ಹಾನ್ಸ್ ಒಂದಕ್ಕೇ ಹೋಯಿತು. ಆ ಸಂಸ್ಥೆಗೆ ಕೊಟ್ಟದ್ದು ಹೆಚ್ಚೆಂದು ನಾನು ಹೇಳಲಾರೆ. ಬಡವರ ಪಾಲಿಗೆ ಅದು ಕೊನೆಯ ಬಾಗಿಲು. ಆದರೆ ಮೊದಲ ಬಾಗಿಲು ತಾಲ್ಲೂಕಿನಲ್ಲಿದೆ. ಜಿಲ್ಲೆಗಳಿಗೆ ಹೋಗುವ ಹಣವು ರಾಷ್ಟ್ರೀಯ ಆರೋಗ್ಯ ಅಭಿಯಾನದ ದೊಡ್ಡ ಗಂಟಿನಲ್ಲಿ ಸೇರಿಹೋಗಿರುವುದರಿಂದ ಸಾಮಾನ್ಯರ ಕಣ್ಣಿಗೆ ಬೀಳುವುದೇ ಇಲ್ಲ. ಕಾಣದ ಹಣವನ್ನು ಯಾರೂ ಕೇಳುವುದಿಲ್ಲ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 2023-24ರಲ್ಲಿ ಸುಮಾರು 134 ಕೋಟಿ ಇಟ್ಟು, ಪರಿಷ್ಕೃತ ಅಂದಾಜಿನಲ್ಲಿ ಅದನ್ನೂ 65 ಕೋಟಿಗೆ ಇಳಿಸಿದರು. 14416ಕ್ಕೆ ಕರೆ ಮಾಡಿದರೆ ಸಾಂತ್ವನದ ಮಾತು ಸಿಗುತ್ತದೆ, ಅದು ದೊಡ್ಡದೇ. ಆದರೆ ಫೋನು ಚುಚ್ಚುಮದ್ದು ಕೊಡಲಾರದು, ಬೀಗ ತೆಗೆಯಲಾರದು.

ಇದು ದಯೆಯ ಬೇಡಿಕೆಯೂ ಅಲ್ಲ. 2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಮಿನಂತೆ, ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಅಗತ್ಯ ಪಟ್ಟಿಯ ಔಷಧಗಳು ಎಲ್ಲ ಕಾಲಕ್ಕೂ ಉಚಿತವಾಗಿ ದೊರೆಯಬೇಕು. 31ನೇ ಕಲಮಿನಂತೆ, ಕಾಯ್ದೆ ಜಾರಿಗೆ ಬಂದ ಹತ್ತು ವರ್ಷಗಳೊಳಗೆ, ಎಂದರೆ 2028ರ ವೇಳೆಗೆ, ಜನಸಂಖ್ಯೆಗೆ ತಕ್ಕಷ್ಟು ಮಾನಸಿಕ ಆರೋಗ್ಯ ಸಿಬ್ಬಂದಿಯನ್ನು ಒದಗಿಸಲು ಸರ್ಕಾರ ಪ್ರಯತ್ನಿಸಬೇಕು. 'ಸ್ಟಾಕ್ ಇಲ್ಲ' ಎಂಬ ಎರಡು ಪದಗಳು ಈ ಕಾಯ್ದೆಯ ಉಲ್ಲಂಘನೆ.

ನಿಮ್ಮಲ್ಲಿ ವೈದ್ಯರಿದ್ದೀರಿ, ವಕೀಲರಿದ್ದೀರಿ, ಸರ್ಕಾರಿ ನೌಕರರಿದ್ದೀರಿ, ಪಂಚಾಯಿತಿ ಸದಸ್ಯರೂ ಇದ್ದೀರಿ. ನಿಮ್ಮ ನಿಮ್ಮ ತಾಲ್ಲೂಕಿನಲ್ಲಿ ಮೂರೇ ಪ್ರಶ್ನೆ ಕೇಳಿ: ಮಾನಸಿಕ ಆರೋಗ್ಯಕ್ಕೆ ಮಂಜೂರಾದ ಹುದ್ದೆಗಳೆಷ್ಟು, ಭರ್ತಿಯಾದವೆಷ್ಟು, ಕಳೆದ ವರ್ಷ ಔಷಧವಿಲ್ಲದ ದಿನಗಳೆಷ್ಟು? ಬಾಯಿಮಾತಿನಲ್ಲಿ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಬರೆದು ಕೇಳಿ.

ಆ ತಾಯಿಯ ಅರ್ಜಿಯನ್ನು ನಾನು ಬರೆದುಕೊಟ್ಟೆ. ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಂದಿದ್ದಾರೆ. ಚುಚ್ಚುಮದ್ದು ಇನ್ನೂ ಬಂದಿಲ್ಲ. ಸದ್ಯಕ್ಕೆ ಅವನ ಹಳೆಯ ಸಹಪಾಠಿಗಳಿಬ್ಬರು ಹಣ ಹಾಕಿ ಹೊರಗಿನಿಂದ ತರಿಸಿ ಕೊಡುತ್ತಿದ್ದಾರೆ. ಅವರ ಹೆಸರನ್ನು ಇಲ್ಲಿ ಬರೆದರೆ ಅವರಿಗೆ ಇಷ್ಟವಾಗದು. ಒಂದು ಊರಿನ ಒಬ್ಬನಿಗೆ ಸ್ನೇಹಿತರು ಸಾಕಾದಾರು. ಉಳಿದ ಊರುಗಳ ಬೀಗಗಳಿಗೆ ಸರ್ಕಾರವೇ ಬೇಕು. ಮುಂದಿನ ಮಂಗಳವಾರ ಆ ತಾಯಿಯ ಜೊತೆ ನಾನೂ ಹೋಗಿ ಆ ಕುರ್ಚಿಯ ಮುಂದೆ ಕೂರಲಿದ್ದೇನೆ. ಬಿಡುವಿದ್ದವರು ಬನ್ನಿ.

ನಿಮ್ಮ ಮೇಷ್ಟ್ರು