ಜಂತುಹುಳು ಪತ್ತೆ: ಸ್ಲೈಡಿಗೆ ಸಿಗದ ಲೆಕ್ಕ

ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಹೆಸರಿನಲ್ಲಿ ಭಾರತದ ಶಾಲೆ, ಅಂಗನವಾಡಿಗಳಲ್ಲಿ 2015ರಿಂದ 1ರಿಂದ 19 ವರ್ಷದೊಳಗಿನವರಿಗೆ ಆಲ್ಬೆಂಡಜೋಲ್ ಮಾತ್ರೆ ನುಂಗಿಸಲಾಗುತ್ತಿದ್ದು, ಮಾತ್ರೆ ಕೊಡುವ ಮುನ್ನ ಯಾವ ಮಗುವಿನ ಮಲವನ್ನೂ ಪರೀಕ್ಷಿಸುವುದಿಲ್ಲ. ಪರೀಕ್ಷೆಗಿಂತ ಮಾತ್ರೆಯೇ ಅಗ್ಗವಾಗಿರುವುದರಿಂದ ಮತ್ತು ಅದು ಸುರಕ್ಷಿತವೂ ಆಗಿರುವುದರಿಂದ ಈ ಕ್ರಮ ಸರಿಯಾದದ್ದೇ. ರೋಗಪತ್ತೆಯ ಅಗತ್ಯ ಬೀಳುವುದು ಬೇರೆ ಎರಡು ಹಂತಗಳಲ್ಲಿ. ಶೇ 20ಕ್ಕಿಂತ ಹೆಚ್ಚು ಸೋಂಕಿರುವಲ್ಲಿ ವರ್ಷಕ್ಕೊಮ್ಮೆ, ಶೇ 50 ಮೀರಿದಲ್ಲಿ ಎರಡು ಬಾರಿ ಔಷಧ ಕೊಡಬೇಕೆನ್ನುವ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವನ್ನು ಅನ್ವಯಿಸುವಾಗ ಒಮ್ಮೆ, ಇನ್ನು ಔಷಧ ಸಾಕೆಂದು ನಿರ್ಧರಿಸುವಾಗ ಮತ್ತೊಮ್ಮೆ. ಮೊದಲ ಕೆಲಸಕ್ಕೆ ಈಗಿರುವ ಪರೀಕ್ಷೆ ಸಾಕಾಗುತ್ತದೆ. ಎರಡನೆಯದಕ್ಕೂ ಅದನ್ನೇ ನೆಚ್ಚಿಕೊಳ್ಳುವುದು ಅಪಾಯಕಾರಿ.

ಉಷ್ಣವಲಯದ ದೇಶಗಳ ಸಮೀಕ್ಷೆಗಳಲ್ಲಿ ಬಳಕೆಯಲ್ಲಿರುವುದು ಕಾಟೊ-ಕಾಟ್ಜ್ ವಿಧಾನ. ಜಪಾನಿನ ಕಾಟೊ ಮತ್ತು ಮಿಯುರಾ 1954ರಲ್ಲಿ ಪ್ರಕಟಿಸಿದ ದಪ್ಪಲೇಪದ ಪರೀಕ್ಷೆಯನ್ನು ಬ್ರೆಜಿಲಿನ ಕಾಟ್ಜ್ ಮತ್ತು ಸಂಗಡಿಗರು 1972ರಲ್ಲಿ ನಿಗದಿತ ಅಳತೆಗೆ ತಂದರು. ಅವರ ಗಮನವಿದ್ದದ್ದು ರಕ್ತನಾಳಗಳಲ್ಲಿ ಬದುಕುವ ಷಿಸ್ಟೊಸೋಮ ಎಂಬ ಹುಳುವಿನ ಮೇಲೆಯೇ ಹೊರತು ಕರುಳಿನ ಹುಳುಗಳ ಮೇಲಲ್ಲ ಎಂಬುದನ್ನು ಹಲವರು ಮರೆತೇಬಿಟ್ಟಿದ್ದಾರೆ. ಮಲವನ್ನು ಜಾಲರಿಯಲ್ಲಿ ಸೋಸಿ, ರಂಧ್ರವಿರುವ ಅಚ್ಚಿನಲ್ಲಿ 41.7 ಮಿಲಿಗ್ರಾಂನಷ್ಟು ತುಂಬಿ, ಗಾಜಿನ ಸ್ಲೈಡಿನ ಮೇಲಿಟ್ಟು, ಗ್ಲಿಸರಿನ್‌ನಲ್ಲಿ ನೆನೆಸಿದ ಸೆಲೋಫೇನ್ ತುಂಡಿನಿಂದ ಒತ್ತಿ ಹರಡಿದಾಗ, ಮಲದ ಕಣಗಳು ತಿಳಿಯಾಗಿ ಹುಳುವಿನ ಮೊಟ್ಟೆಗಳು ಎದ್ದು ಕಾಣುತ್ತವೆ. ಎಣಿಸಿದ ಸಂಖ್ಯೆಯನ್ನು 24ರಿಂದ ಗುಣಿಸಿದರೆ ಒಂದು ಗ್ರಾಂ ಮಲದಲ್ಲಿರುವ ಮೊಟ್ಟೆಗಳ ಲೆಕ್ಕ ದೊರೆಯುತ್ತದೆ. ಒಂದು ಸೂಕ್ಷ್ಮದರ್ಶಕ ಮತ್ತು ತರಬೇತಿ ಪಡೆದ ಒಬ್ಬ ತಂತ್ರಜ್ಞ ಇದ್ದರೆ ಹಳ್ಳಿಯ ಶಾಲೆಯ ಜಗಲಿಯಲ್ಲೂ ಮಾಡಬಹುದಾದ ಈ ಪರೀಕ್ಷೆಗೆ ಐವತ್ತು ವರ್ಷಗಳಾದರೂ ಅಷ್ಟೇ ಅಗ್ಗದ ಬದಲಿ ಬಂದಿಲ್ಲ.

ಆದರೆ ಅದರ ಮಿತಿ ಸರಳ ಗಣಿತದಲ್ಲೇ ಅಡಗಿದೆ. ಹೆಣ್ಣು ದುಂಡುಹುಳು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡುತ್ತದೆ. ದಿನದ ಮಲ 200 ಗ್ರಾಂ ಎಂದಿಟ್ಟುಕೊಂಡರೆ ಗ್ರಾಂಗೆ ಸಾವಿರ, ಸ್ಲೈಡಿಗೆ ನಲವತ್ತರಷ್ಟು ಮೊಟ್ಟೆಗಳು ಬರುವುದರಿಂದ ಒಂದೇ ಹುಳುವಿದ್ದರೂ ಸಿಕ್ಕಿಬೀಳುತ್ತದೆ. ಕರುಳಿನ ಗೋಡೆಗೆ ಕಚ್ಚಿಕೊಂಡು ರಕ್ತ ಹೀರುವ ಕೊಕ್ಕೆಹುಳುಗಳಲ್ಲಿ ನೆಕೇಟರ್ ಎಂಬ ಬಗೆಯ ಹೆಣ್ಣು ಇಡುವುದು ದಿನಕ್ಕೆ 5ರಿಂದ 10 ಸಾವಿರ ಮೊಟ್ಟೆ ಮಾತ್ರ. ಅದೇ ಲೆಕ್ಕದಲ್ಲಿ ಸ್ಲೈಡಿಗೆ ಬರುವುದು ಒಂದೋ ಎರಡೋ, ಕೆಲವೊಮ್ಮೆ ಒಂದೂ ಇಲ್ಲ. ಮೊಟ್ಟೆಗಳು ಮಲದಲ್ಲಿ ಸಮನಾಗಿ ಹರಡಿರುವುದಿಲ್ಲ, ದಿನದಿಂದ ದಿನಕ್ಕೆ ಅವುಗಳ ಸಂಖ್ಯೆಯೂ ಏರಿಳಿಯುತ್ತದೆ. ಮೇಲಾಗಿ ಗ್ಲಿಸರಿನ್ ಕೊಕ್ಕೆಹುಳುವಿನ ತೆಳುಕವಚದ ಮೊಟ್ಟೆಯನ್ನೂ ತಿಳಿಯಾಗಿಸಿ ಮರೆಮಾಡುವುದರಿಂದ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಸ್ಲೈಡ್ ನೋಡಿ ಮುಗಿಸಬೇಕು. ಬಿಸಿಲಿನಲ್ಲಿ ದೂರದ ಪ್ರಯೋಗಾಲಯಕ್ಕೆ ಸಾಗುವ ಮಾದರಿಯಲ್ಲಿ ಒಂದೆರಡು ದಿನದಲ್ಲೇ ಮೊಟ್ಟೆಯೊಡೆದು ಮರಿಗಳು ಹೊರಬಂದರೆ, ಅವು ಮತ್ತೊಂದು ಜಾತಿಯ ಮರಿಗಳೆಂದು ಗೊಂದಲ ಹುಟ್ಟಿಸುತ್ತವೆ.

ಹೆಚ್ಚು ಹುಳುಗಳಿರುವವರನ್ನು ಗುರುತಿಸುವುದಷ್ಟೇ ಉದ್ದೇಶವಾದರೆ ಈ ಲೋಪ ದೊಡ್ಡದಲ್ಲ. ಗ್ರಾಂಗೆ 4,000ಕ್ಕಿಂತ ಹೆಚ್ಚು ಮೊಟ್ಟೆಗಳಿರುವ ತೀವ್ರ ಕೊಕ್ಕೆಹುಳು ಸೋಂಕು ಯಾವ ಸ್ಲೈಡಿನಲ್ಲೂ ತಪ್ಪಿಸಿಕೊಳ್ಳಲಾರದು. ಹಲವು ಸುತ್ತು ಔಷಧ ನುಂಗಿಸಿದ ಮೇಲೆ ಉಳಿಯುವುದು ಮಾತ್ರ ಹಗುರ ಸೋಂಕುಗಳೇ. ಒಂದು ಆಲ್ಬೆಂಡಜೋಲ್ ಮಾತ್ರೆ ದುಂಡುಹುಳುವನ್ನು ಬಹುತೇಕ ಹೊರಹಾಕುತ್ತದೆ, ಕೊಕ್ಕೆಹುಳುವಿನ ಮೇಲೆ ಅಷ್ಟು ಪರಿಣಾಮಕಾರಿಯಲ್ಲ, ಚಾಟಿಹುಳು ಎಂಬ ಮೂರನೆಯ ಬಗೆಯ ಮೇಲಂತೂ ತೀರಾ ದುರ್ಬಲ. ಇದರ ಜೊತೆಗೆ ಕೊಕ್ಕೆಹುಳು ಬರಿಗಾಲಿನ ಚರ್ಮದ ಮೂಲಕ ಒಳಹೊಗುವುದರಿಂದ ತೋಟ, ಗದ್ದೆಗಳಲ್ಲಿ ದುಡಿಯುವ ವಯಸ್ಕರಲ್ಲೂ ಹೇರಳವಾಗಿರುತ್ತದೆ. ಶಾಲೆಯ ಮಾತ್ರೆಯಾಗಲಿ, ಶಾಲೆಯ ಸಮೀಕ್ಷೆಯಾಗಲಿ ಅವರನ್ನು ಮುಟ್ಟುವುದಿಲ್ಲ. ಹೀಗೆ ಕಾರ್ಯಕ್ರಮ ಯಶಸ್ವಿಯಾದಷ್ಟೂ ಅದನ್ನು ಅಳೆಯುವ ಸಾಧನ ಕುರುಡಾಗುತ್ತ ಹೋಗುತ್ತದೆ. ಇಂಥ ಸಮೀಕ್ಷೆಯ ಶೂನ್ಯವನ್ನು ನಂಬಿ ಔಷಧ ನಿಲ್ಲಿಸಿದರೆ ನೆರಳು ಮತ್ತು ತೇವವಿರುವ ಮಣ್ಣಿನಿಂದ ಸೋಂಕು ಮರಳುವುದಕ್ಕೆ ಹೆಚ್ಚು ಕಾಲ ಬೇಕಾಗುವುದಿಲ್ಲ.

ಸ್ಟ್ರಾಂಗೈಲಾಯ್ಡಿಸ್ ಎಂಬ ಇನ್ನೊಂದು ಹುಳುವಂತೂ ಈ ಲೆಕ್ಕದಿಂದ ಪೂರ್ತಿಯಾಗಿ ಹೊರಗುಳಿದಿದೆ. ಇದರ ಮೊಟ್ಟೆಗಳು ಕರುಳಿನಲ್ಲೇ ಒಡೆಯುವುದರಿಂದ ಮಲದಲ್ಲಿ ಕಾಣುವುದು ಮರಿಗಳು, ಅವೂ ವಿರಳವಾಗಿ. ಆದ್ದರಿಂದ ಕಾಟೊ-ಕಾಟ್ಜ್ ಇಲ್ಲಿ ನಿರುಪಯುಕ್ತ. ಬೇರ್ಮನ್ 1917ರಲ್ಲಿ ರೂಪಿಸಿದ, ಬೆಚ್ಚನೆಯ ನೀರಿಗೆ ಮರಿಗಳು ತಾವಾಗಿಯೇ ಇಳಿದುಬರುವಂತೆ ಮಾಡುವ ವಿಧಾನ ಅಥವಾ ಅಗರ್ ತಟ್ಟೆಯಲ್ಲಿ ಮಲವನ್ನಿಟ್ಟು ಮರಿಗಳು ಹರಿದಾಡಿದ ಜಾಡನ್ನು ಹುಡುಕುವ ವಿಧಾನ ಬೇಕು. ಆರೋಗ್ಯವಂತರಲ್ಲಿ ಇದು ದಶಕಗಳ ಕಾಲ ಸದ್ದಿಲ್ಲದೆ ಮರುಸೋಂಕು ಮಾಡಿಕೊಳ್ಳುತ್ತ ಬದುಕುತ್ತದೆ. ಉಬ್ಬಸಕ್ಕೋ ಸಂಧಿವಾತಕ್ಕೋ ಸ್ಟಿರಾಯ್ಡ್ ಕೊಟ್ಟಾಗ ಮರಿಗಳು ಮಿತಿಮೀರಿ ಹೆಚ್ಚಿ, ಶ್ವಾಸಕೋಶ ಮತ್ತಿತರ ಅಂಗಗಳಿಗೆ ನುಗ್ಗಿ ಪ್ರಾಣಕ್ಕೇ ಎರವಾಗಬಹುದು. ರಕ್ತದಲ್ಲಿ ಪ್ರತಿಕಾಯ ಹುಡುಕುವ ಪರೀಕ್ಷೆ ಹೆಚ್ಚು ಸೂಕ್ಷ್ಮವಾದರೂ ಆನೆಕಾಲು ರೋಗದ ಹುಳುವಿದ್ದವರಲ್ಲಿ ತಪ್ಪಾಗಿ ಸೋಂಕು ತೋರಿಸುವ ಸಾಧ್ಯತೆಯುಂಟು. ಒಂದು ಆಲ್ಬೆಂಡಜೋಲ್ ಮಾತ್ರೆಯಿಂದ ಸ್ಟ್ರಾಂಗೈಲಾಯ್ಡಿಸ್ ಸೋಂಕು ಗುಣವಾಗುವುದೂ ಇಲ್ಲ. ಇದಕ್ಕೆ ಬೇಕಾದುದು ಐವರ್ಮೆಕ್ಟಿನ್.

ಹುಳುವಿನ ಡಿಎನ್‌ಎಯನ್ನು ಗುರುತಿಸುವ ಪಿಸಿಆರ್ ಪರೀಕ್ಷೆ ಈ ಕೊರತೆಗಳಲ್ಲಿ ಹಲವನ್ನು ನೀಗಿಸುತ್ತದೆ. ಬೆನಿನ್, ಮಲಾವಿ ಮತ್ತು ತಮಿಳುನಾಡಿನಲ್ಲಿ ನಡೆದ ಡಿವರ್ಮ್3 ಅಧ್ಯಯನದಲ್ಲಿ ಇಡೀ ಸಮುದಾಯಕ್ಕೆ ಔಷಧ ಕೊಟ್ಟು, ಸೋಂಕು ಹರಡುವುದು ನಿಂತಿದೆಯೇ ಎಂಬುದನ್ನು ತೀರ್ಮಾನಿಸಲು ಆರಿಸಿಕೊಂಡದ್ದು ಇದನ್ನೇ. ಆದರೆ ದುಬಾರಿ ಯಂತ್ರ, ರಾಸಾಯನಿಕಗಳ ಶೀತಲ ಸಾಗಣೆ, ಗಟ್ಟಿ ಕವಚದ ಮೊಟ್ಟೆಗಳನ್ನು ಒಡೆಯುವ ತೊಡಕು ಇವೆಲ್ಲ ಇರುವುದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಪಿಸಿಆರ್ ತರಬೇಕೆನ್ನುವುದು ವ್ಯಾವಹಾರಿಕವಲ್ಲ, ಅದರ ಅಗತ್ಯವೂ ಇಲ್ಲ. ಜಿಲ್ಲೆಯ ಸೋಂಕಿನ ಪ್ರಮಾಣ ತಗ್ಗುವವರೆಗೆ ಸ್ಲೈಡನ್ನೇ ಬಳಸಿ, ತಗ್ಗಿದ ಮೇಲೆ ಆಯ್ದ ಮಾದರಿಗಳನ್ನಷ್ಟೇ ಕೋವಿಡ್ ಕಾಲದಲ್ಲಿ ಪಿಸಿಆರ್ ಯಂತ್ರ ಪಡೆದ ಪ್ರಯೋಗಾಲಯಗಳಿಗೆ ಕಳುಹಿಸಬಹುದು. ಫಾರ್ಮಲಿನ್‌ನಲ್ಲಿಟ್ಟ ಮಾದರಿ ಪಿಸಿಆರ್‌ಗೆ ಒಗ್ಗದಿರುವುದರಿಂದ ಅವನ್ನು ಎಥನಾಲ್‌ನಲ್ಲಿ ಕಾಪಿಡಬೇಕೆಂಬ ಸೂಚನೆ ಮಾತ್ರ ಮೊದಲೇ ಹೋಗಬೇಕು.

ಕರ್ನಾಟಕಕ್ಕೆ ಇದನ್ನು ಪರೀಕ್ಷಿಸಿ ನೋಡುವ ಅವಕಾಶವೂ ಇದೆ. ಆನೆಕಾಲು ರೋಗ ನಿವಾರಣೆಗಾಗಿ ಯಾದಗಿರಿ ಜಿಲ್ಲೆಯಲ್ಲಿ ಐವರ್ಮೆಕ್ಟಿನ್, ಡಿಇಸಿ, ಆಲ್ಬೆಂಡಜೋಲ್ ಮೂರನ್ನೂ ವಯಸ್ಕರಿಗೂ ಒಟ್ಟಿಗೆ ನುಂಗಿಸಲಾಗಿದೆ. ಈ ತ್ರಿವಳಿ ಔಷಧ ಸ್ಟ್ರಾಂಗೈಲಾಯ್ಡಿಸ್ ಮೇಲೂ ಕೆಲಸ ಮಾಡುತ್ತದೆ. ಇಂಥ ಸುತ್ತುಗಳ ಮುನ್ನ ಮತ್ತು ನಂತರ ಒಂದೇ ಮಲದ ಮಾದರಿಯನ್ನು ಸ್ಲೈಡ್, ಬೇರ್ಮನ್ ಮತ್ತು ಪಿಸಿಆರ್ ಮೂರರಿಂದಲೂ ನೋಡಿದರೆ ಯಾವ ಪರೀಕ್ಷೆ ಎಷ್ಟನ್ನು ಬಿಟ್ಟುಬಿಡುತ್ತಿದೆ ಎಂಬುದಕ್ಕೆ ಸ್ಥಳೀಯ ಉತ್ತರ ಸಿಗುತ್ತದೆ. ಮಾದರಿ ಸಂಗ್ರಹ ಸುಲಭವೆಂದು ಶಾಲಾ ಮಕ್ಕಳನ್ನಷ್ಟೇ ಆರಿಸಿಕೊಂಡು, ಹೊಲದಲ್ಲಿರುವ ತಂದೆತಾಯಿಯರನ್ನು ಕೈಬಿಟ್ಟರೆ ಆ ಉತ್ತರವೂ ಅರ್ಧದ್ದೇ ಆಗುತ್ತದೆ.